ವಿಪಿಎನ್ ಹಾಕಿದ ಮಾತ್ರಕ್ಕೆ ಆಫೀಸಿನಲ್ಲಿ ಕೂತಂತಲ್ಲ

‘ವಿಪಿಎನ್ ಕನೆಕ್ಟ್ ಆಯಿತಲ್ಲ, ಇನ್ನು ಆಫೀಸಿನಲ್ಲೇ ಕೂತ ಹಾಗೆ.’ ಮನೆಯಿಂದ ಕೆಲಸ ಮಾಡುವವರಷ್ಟೇ ಅಲ್ಲ, ಅವರಿಗೆ ಲ್ಯಾಪ್‌ಟಾಪ್ ಸಿದ್ಧಮಾಡಿ ಕೊಡುವವರೂ ಹೀಗೇ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ವಿಪಿಎನ್‌ನ ಗುರುತು ಹಸಿರಾಗಿರುತ್ತದೆ, ಆಫೀಸಿನ ಫೈಲ್ ಸರ್ವರ್ ಮಾತ್ರ ಸಿಗುವುದಿಲ್ಲ. ಆಗ ಬೈಗುಳವೆಲ್ಲ ಇಂಟರ್‌ನೆಟ್ ಕಂಪನಿಗೆ.

ಬೆಂಗಳೂರಿನಲ್ಲಿ ‘ಐದನೇ ಕ್ರಾಸ್’ ಎಂದಷ್ಟೇ ಹೇಳಿ ನೋಡಿ. ಮಲ್ಲೇಶ್ವರದಲ್ಲಿ ನಿಂತವನು ಮಲ್ಲೇಶ್ವರದ ಐದನೇ ಕ್ರಾಸಿಗೇ ಹೋಗುತ್ತಾನೆ, ಜಯನಗರದ್ದಕ್ಕಲ್ಲ. ಲ್ಯಾಪ್‌ಟಾಪ್ ಮಾಡುವುದೂ ಇದನ್ನೇ. ಆಫೀಸಿನ ಸರ್ವರ್ 192.168.1.10 ಎಂದಿರಲಿ. ಮನೆಯ ರೂಟರ್ ಕೂಡ 192.168.1 ಸಾಲಿನಲ್ಲೇ ವಿಳಾಸ ಹಂಚುತ್ತಿದ್ದರೆ, ಲ್ಯಾಪ್‌ಟಾಪ್ ಅದನ್ನು ಪಕ್ಕದ ಮನೆಯೆಂದೇ ತಿಳಿಯುತ್ತದೆ. ವಿಪಿಎನ್ ಎಂಬ ಸುರಂಗದ ಕಡೆ ತಿರುಗದೆ ‘ಹತ್ತನೇ ನಂಬರ್ ಯಾರದ್ದು?’ ಎಂದು ಮನೆಯ ವೈಫೈಯಲ್ಲೇ ಕೂಗುತ್ತದೆ. ಓಗೊಟ್ಟರೆ ಓಗೊಡುವುದು ಹಾಲ್‌ನಲ್ಲಿರುವ ಟಿವಿ. ಕೆಲವು ವಿಪಿಎನ್‌ಗಳಲ್ಲಿ ಸುರಂಗದ ದಾರಿಯೇ ಗೆಲ್ಲುತ್ತದೆ. ಆಗ ಸರ್ವರ್ ಸಿಕ್ಕಿ ಮನೆಯ ಪ್ರಿಂಟರ್ ಮಾಯವಾಗುತ್ತದೆ.

ಇದಕ್ಕೆ ಪರಿಹಾರವೆಂದು ರೂಟರ್ ಆಫ್ ಮಾಡಿ ಆನ್ ಮಾಡಿದರೂ ಮತ್ತೆ ಅದೇ ಸಾಲು ಬರುತ್ತದೆ. ‘ಐಪಿ ಕಾನ್‌ಫ್ಲಿಕ್ಟ್’ ಎಂಬ ಎಚ್ಚರಿಕೆ ಬರಲಿಲ್ಲ, ಹಾಗಾಗಿ ಘರ್ಷಣೆಯೇ ಇಲ್ಲ ಎನ್ನುವುದೂ ತಪ್ಪು. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಯಂತ್ರಗಳು ಒಂದೇ ವಿಳಾಸ ಹಿಡಿದಾಗ ಮಾತ್ರ ಆ ಎಚ್ಚರಿಕೆ. ಇಲ್ಲಿ ಮನೆ, ಆಫೀಸು ಎರಡರ ಸಾಲುಗಳೇ ಒಂದಾಗಿವೆ.

ಖಾಸಗಿ ಬಳಕೆಗೆಂದು ಮೂರು ವಿಳಾಸಗುಚ್ಛಗಳನ್ನು ಬಿಟ್ಟುಕೊಟ್ಟ ಆರ್‌ಎಫ್‌ಸಿ 1918 ಎಂಬ ದಾಖಲೆ ಹೊರಬಂದದ್ದು 1996ರಲ್ಲಿ. 10ರಿಂದ ಶುರುವಾಗುವ ಗುಚ್ಛವೊಂದರಲ್ಲೇ 1,67,77,216 ವಿಳಾಸಗಳಿವೆ. ಇಷ್ಟು ವಿಶಾಲ ಬಯಲಿದ್ದರೂ ಆಫೀಸುಗಳು 192.168.0 ಮತ್ತು 192.168.1 ಎಂಬ ಎರಡು ಮೂಲೆಗಳಿಗೇ ಏಕೆ ನುಗ್ಗಬೇಕು? ರೂಟರ್ ಡಬ್ಬಿಯಿಂದ ಹಾಗೇ ಬಂತು, ಹಾಗೇ ಬಿಟ್ಟರು, ಅಷ್ಟೇ. ಆಫೀಸಿಗೆ 10.87.43, ಹೊರಗಿನಿಂದ ಬರುವವರಿಗೆ 10.87.44 ಎಂದು ಬೇರೆಬೇರೆ ಸಾಲು ಕೊಟ್ಟರೆ ಬಹುಪಾಲು ತಂಟೆಯೇ ಇರುವುದಿಲ್ಲ. ಹೊರಗಿನವರಿಗೂ ಆಫೀಸಿನ ಸಾಲಿನಿಂದಲೇ ಕೊಡಬೇಕಾದರೆ, ಆ ವಿಳಾಸಗಳನ್ನು ತಾನಾಗಿ ಹಂಚಿಕೆಯಾಗುವ ವಿಳಾಸಗಳ (ಡಿಎಚ್‌ಸಿಪಿ) ಪಟ್ಟಿಯಿಂದ ತೆಗೆಯಲೇಬೇಕು. ‘ಪಿಂಗ್‌ಗೆ ಉತ್ತರವಿಲ್ಲ, ವಿಳಾಸ ಖಾಲಿಯಿದೆ’ ಎಂದು ನಂಬಿ ಹಂಚಬಾರದು. ಆ ಕಂಪ್ಯೂಟರಿನವರು ರಜೆಯಲ್ಲಿರಬಹುದು, ಫೈರ್‌ವಾಲ್ ಪಿಂಗನ್ನು ತಡೆದಿರಬಹುದು.

ಪರದೆಯ ಮೇಲೆ ಹಸಿರು ಕಂಡರೆ ಎಲ್ಲ ಸರಿಯಿದೆ ಎಂದು ಒಪ್ಪಿಕೊಳ್ಳುವ ಈ ಅಭ್ಯಾಸ ನನ್ನನ್ನು ನಿಜಕ್ಕೂ ಕೆರಳಿಸುತ್ತದೆ. ಸುರಂಗ ತೆರೆದಿದೆ ಎಂಬುದಷ್ಟೇ ಆ ಹಸಿರಿನ ಅರ್ಥ. ಒಳಗೆ ಏನು ಹೋಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್‌ಫಿಗ್ (ipconfig) ಎಂದು ಬರೆದು ಮನೆಯ ಸಾಲನ್ನು ಆಫೀಸಿನ ಸಾಲಿನೊಂದಿಗೆ ಹೋಲಿಸಲು ಅರ್ಧ ನಿಮಿಷ ಸಾಕು, ಆದರೂ ಯಾರೂ ನೋಡುವುದಿಲ್ಲ. ಹೊಸ ಆಫೀಸು ತೆರೆಯುವವರು ಸಾಲನ್ನು ಮೊದಲ ದಿನವೇ ಬದಲಿಸಲಿ. ತಡಮಾಡಿದರೆ ಪ್ರಿಂಟರ್, ಸಿಸಿಟಿವಿ, ಹಾಜರಾತಿ ಯಂತ್ರ ಎಲ್ಲದರಲ್ಲೂ ಹಳೆಯ ವಿಳಾಸ ಬೇರುಬಿಟ್ಟಿರುತ್ತದೆ, ಒಂದೊಂದನ್ನೂ ಹುಡುಕಿ ತಿದ್ದುತ್ತ ಕೂರಬೇಕಾಗುತ್ತದೆ.