ಶೀತಕಾಲದಲ್ಲಿ ಹಳೆಯ ಎಂಜಿನ್ನಿನ ಪರೀಕ್ಷೆ

ನೀರೆತ್ತುವುದಕ್ಕಾಗಲಿ ದೋಣಿಗಾಗಲಿ ಬಳಸಿದ ಡೀಸೆಲ್ ಎಂಜಿನ್ನನ್ನು ಕೊಳ್ಳುವವರು ಅನೇಕ ವೇಳೆ ಸಂಸಾರದ ವರ್ಷಗಟ್ಟಲೆಯ ಉಳಿತಾಯವನ್ನೇ ಅದಕ್ಕೆ ಸುರಿಯುತ್ತಾರೆ. ಅದನ್ನು ಪರೀಕ್ಷಿಸತಕ್ಕ ಕಾಲ ಚಳಿಗಾಲದ ಮುಂಜಾವ; ನಮ್ಮ ಬೊಕ್ಕಾಪುರದ ಬೆಚ್ಚನೆಯ ಮಧ್ಯಾಹ್ನವಲ್ಲ, ಉದಕಮಂಡಲದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ಡಿಸೆಂಬರ್, ಜನವರಿಯ ಹೊತ್ತು.

ಕಾರಣವು ಸ್ಪಷ್ಟವಾಗಿದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ನು ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹತ್ತಿಕೊಳ್ಳುತ್ತದೆ. ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ ಗಾಳಿಯು ಸೋರುವುದು, ತಣ್ಣನೆಯ ಲೋಹವು ಉಳಿದ ಕಾವನ್ನೂ ಹೀರುವುದು; ಯಂತ್ರವು ಸುಲಭವಾಗಿ ಹೊರಡದು. ಒಮ್ಮೆ ಬಿಸಿಯಾದ ಮೇಲೆ ಅದೇ ಯಂತ್ರವು ಸಲೀಸಾಗಿ ನಡೆಯುವುದರಿಂದ ದೋಷವು ಮರೆಯಾಗುತ್ತದೆ. ಆದುದರಿಂದ ಮೊದಲು ಎಂಜಿನ್ನಿನ ಮೇಲೆ ಕೈಯಿಡಿರಿ. ಬೆಚ್ಚಗಿದ್ದರೆ, ಮಾರುವವನು ಮುಂಚೆಯೇ ನಡೆಸಿದ್ದಾನೆಂದು ತಿಳಿದು ಮರುದಿನ ಬರುವುದು ಲೇಸು.

ಹೊರಟ ಕೂಡಲೆ ಬಿಳಿಯ ಹೊಗೆ ಬಂದರೆ ಭಯವಿಲ್ಲ; ಕೆಲವು ನಿಮಿಷಗಳಲ್ಲಿ ಅದು ತಿಳಿಯಾಗಬೇಕು. ನೀಲಿಯ ಹೊಗೆಯು ನಿಲ್ಲದಿದ್ದರೆ ಒಳಗೆ ಕೀಲೆಣ್ಣೆ ಉರಿಯುತ್ತಿದೆ. ಅಳತೆಯ ಕಡ್ಡಿಯನ್ನೆಳೆದು ನೋಡಿರಿ: ಕೀಲೆಣ್ಣೆಯು ಹಾಲು ಬೆರೆತ ಕಾಫಿಯಂತಿದ್ದರೆ ನೀರು ಸೇರಿದೆ. ನೀರು ಹೆಪ್ಪುಗಟ್ಟಿದಾಗ ನೂರಕ್ಕೆ ಸುಮಾರು 9 ಪಾಲು ಹಿಗ್ಗುತ್ತದೆ. ಎಂಜಿನ್ನಿನಿಂದ ಬಸಿಯದೆ ಬಿಟ್ಟ ನೀರು ಎರಕದ ಕಬ್ಬಿಣವನ್ನೇ ಸೀಳಬಲ್ಲುದು. ಹೊಸ ಬಣ್ಣ ಬಳಿದ ಹಳೆಯ ಎಂಜಿನ್ನನ್ನು ಕಂಡರೆ ನನಗೆ ಬಿರುಕಿನ ಸಂಶಯವೇ ಮೊದಲು.

ಆದರೆ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ ಗಾಳಿಯು ವಿರಳ. ಅಲ್ಲಿ ಎಂಜಿನ್ನಿಗೆ ಬಲ ಸ್ವಲ್ಪ ಕಡಮೆಯೆನಿಸಿದರೆ ಅದನ್ನು ದೋಷವೆನ್ನಲಾಗದು. ಘಟ್ಟವಿಳಿದು ಬಂದರೆ ಆ ಕೊರತೆಯು ಬಹುಮಟ್ಟಿಗೆ ನೀಗುತ್ತದೆ.