ಖಾಲಿ ಫಾರಂ ಮೇಲಿನ ಸಹಿ

2009ರ ಮೇ ತಿಂಗಳ ಒಂದು ಸಂಜೆ ರಿವರ್ಸ್ ಬರುತ್ತಿದ್ದ ಕಾರೊಂದು ಬೀದಿಯಲ್ಲಿ ನಡೆದು ಹೋಗುತ್ತಿದ್ದ ಇಬ್ಬರಿಗೆ ಗುದ್ದಿತು. ಒಬ್ಬರು ಸ್ಥಳದಲ್ಲೇ ಸತ್ತರು. ಆ ಕಾರಿನ ಮಾಲೀಕ 2007ರಲ್ಲೇ ಅದನ್ನು ಮಾರಿದ್ದ. ಕೊಂಡವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸಿದ್ದರು; ಆರ್‌ಸಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಪರಿಹಾರ ಯಾರು ಕೊಡಬೇಕು ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2018ರ ಫೆಬ್ರವರಿಯಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು: ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರೇ ಮಾಲೀಕರು, ಹೊಣೆಯೂ ಅವರದೇ.

ಹಳೆ ಕಾರಿನ ಮೋಸ ಎಂದರೆ ಜನರಿಗೆ ಮೊದಲು ನೆನಪಾಗುವುದು ಹೊಗೆ ಉಗುಳುವ ಎಂಜಿನ್, ಬಣ್ಣ ಬಳಿದು ಮುಚ್ಚಿದ ತುಕ್ಕು. ಅದಕ್ಕಿಂತ ಅಪಾಯದ್ದು ಕಾಗದದಲ್ಲಿದೆ. ಡೀಲರ್ ಕಾರು ತೆಗೆದುಕೊಂಡು ಹಣ ಕೊಡುತ್ತಾನೆ, ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ನ್ನು ಏನೂ ತುಂಬದೆ ಅವುಗಳ ಮೇಲೆ ಮಾರಿದವರ ಸಹಿ ಹಾಕಿಸಿಕೊಳ್ಳುತ್ತಾನೆ. ಗಿರಾಕಿ ಸಿಗುವವರೆಗೆ ಕಾರು ಹಳೆ ಹೆಸರಿನಲ್ಲೇ ಓಡಾಡುತ್ತದೆ. ಆ ಅವಧಿಯಲ್ಲಿ ಅಪಘಾತವಾದರೆ, ಕಳ್ಳಸಾಗಣೆಗೆ ಬಳಕೆಯಾದರೆ, ಪೊಲೀಸರು ಬಾಗಿಲು ಬಡಿಯುವುದು ಮಾರಿ ನಿಶ್ಚಿಂತರಾದವರ ಮನೆಯದು. ಇತ್ತ ಕೊಂಡವರು ದೋಷ ಹೇಳಿಕೊಂಡು ಬಂದರೆ ಡೀಲರ್ ‘ನಾನು ಬರೀ ಬ್ರೋಕರ್’ ಎಂದು ಕೈತೊಳೆದುಕೊಳ್ಳಬಲ್ಲ. ಯಾವ ದಾಖಲೆಯಲ್ಲೂ ಅವನ ಹೆಸರಿಲ್ಲವಲ್ಲ!

ಈ ಬಿರುಕು ಮುಚ್ಚಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಹಳೆ ವಾಹನದ ಡೀಲರ್ ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು. ಅಂಥ ಡೀಲರ್‌ಗೆ ವಾಹನ ಒಪ್ಪಿಸಿದ್ದನ್ನು ಮಾಲೀಕರು ಫಾರಂ 29ಸಿ ಮೂಲಕ ಆನ್‌ಲೈನ್‌ನಲ್ಲಿ ತಿಳಿಸಿದರೆ ಅಲ್ಲಿಂದಾಚೆ ಡೀಲರನೇ ಮಾಲೀಕ ಎಂದು ಪರಿಗಣಿತನಾಗುತ್ತಾನೆ. ಟ್ರಯಲ್, ರಿಪೇರಿ, ತಪಾಸಣೆಯಂಥ ಕೆಲಸಕ್ಕಲ್ಲದೆ ಕಾರನ್ನು ರಸ್ತೆಗಿಳಿಸುವಂತಿಲ್ಲ. ಪ್ರತಿ ಓಡಾಟವನ್ನೂ ಎಲೆಕ್ಟ್ರಾನಿಕ್ ದಾಖಲೆಯಲ್ಲಿ ಬರೆದಿಡಬೇಕು. ಇಷ್ಟು ಒಳ್ಳೆಯ ನಿಯಮ ಕೈಯಲ್ಲಿದ್ದೂ ‘ನಿಮ್ಮ ಅಧಿಕಾರ ಪತ್ರ ತೋರಿಸಿ’ ಎಂದು ಕೇಳದೆ ಸಹಿ ಹಾಕಿದರೆ ಅದರ ಫಲ ಸಿಗುವುದಿಲ್ಲ. ನೇರವಾಗಿ ಇನ್ನೊಬ್ಬ ವ್ಯಕ್ತಿಗೆ ಮಾರುವವರು ರಾಜ್ಯದೊಳಗಿನ ಮಾರಾಟವನ್ನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಕೊಳ್ಳುವವರ ಕಡೆಗೆ ಬಂದರೆ, ಅತಿ ಸುಲಭದ ಮೋಸ ಮೀಟರ್ ಹಿಂದೆ ತಿರುಗಿಸುವುದು. ಡಿಜಿಟಲ್ ಮೀಟರ್ ಬಂದ ಮೇಲೆ ಇದು ನಿಂತೀತು ಎಂದುಕೊಂಡಿದ್ದವರಿಗೆ ನಿರಾಸೆಯಾಗಿದೆ. ಈಗ ಲ್ಯಾಪ್‌ಟಾಪ್ ಜೋಡಿಸಿ ಅಂಕಿ ಬದಲಿಸುತ್ತಾರೆ. ಅಮೆರಿಕದಲ್ಲಿ 1972ರ ಕಾಯ್ದೆಯೇ ಇದನ್ನು ನಿಷೇಧಿಸಿತು. ನಮ್ಮ ಆರ್‌ಸಿಯಲ್ಲಿ ಕಿಲೋಮೀಟರ್ ಬರೆಯುವ ಜಾಗವೇ ಇಲ್ಲ. ಹಾಗಾಗಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನ ದಾಖಲೆ ಕೇಳುವುದು ಅನಿವಾರ್ಯ. ಮೂವತ್ತು ಸಾವಿರ ಕಿಲೋಮೀಟರ್ ಎನ್ನುವ ಕಾರಿನ ಬ್ರೇಕ್ ಪೆಡಲ್ ರಬ್ಬರ್ ನುಣುಪಾಗಿ ಸವೆದಿದ್ದರೆ ಮೀಟರ್‌ಗಿಂತ ಆ ರಬ್ಬರನ್ನು ನಂಬುವುದು ಮೇಲು.

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ಕಾರುಗಳು ಮುಳುಗಿದ ದೃಶ್ಯ ಹಲವರಿಗೆ ನೆನಪಿರಬಹುದು. ನೀರು ಕುಡಿದ ಕಾರನ್ನು ತೊಳೆದು, ಸುಗಂಧ ಸಿಂಪಡಿಸಿ ನಿಲ್ಲಿಸಿದರೆ ಶೋರೂಮಿನದರಂತೆಯೇ ಕಾಣುತ್ತದೆ. ವೈರಿಂಗ್, ಏರ್‌ಬ್ಯಾಗ್ ಸೆನ್ಸರ್‌ಗಳು ತಿಂಗಳುಗಳ ಮೇಲೆ ಕೈಕೊಡಬಹುದು, ಜೀವಕ್ಕೇ ಕುತ್ತು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಬೇಕು, ಸ್ಟೆಪ್ನಿ ತೆಗೆದು ಅದರ ಗುಂಡಿಯಲ್ಲಿ ಕೈಯಾಡಿಸಬೇಕು. ತೊಳೆಯುವವರು ಅಲ್ಲಿಯ ಕೆಸರನ್ನು ಮರೆತಿರುತ್ತಾರೆ.

ಸಾಲ ಬಾಕಿ ಇದೆಯೇ, ವಿಮೆ ಚಾಲ್ತಿಯಲ್ಲಿದೆಯೇ ಎಂಬುದು ಪರಿವಾಹನ್ ಜಾಲತಾಣದಲ್ಲಿ ಸಿಗುತ್ತದೆ. ‘ಲೋನ್ ಕ್ಲಿಯರ್ ಆಗಿದೆ’ ಎಂಬ ಬಾಯಿಮಾತು ಸಾಲದು. ಬ್ಯಾಂಕಿನ ಎನ್‌ಒಸಿ, ಫಾರಂ 35 ಕೈಗೆ ಬರಬೇಕು. ದೆಹಲಿಯಲ್ಲಿ ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧದಿಂದಾಗಿ ಅಲ್ಲಿಯ ಹಳೆ ಕಾರುಗಳು ಅಗ್ಗಕ್ಕೆ ಸಿಗುತ್ತವೆ. ಇಲ್ಲಿ ಮರುನೋಂದಣಿ ಮಾಡಿಸುವಾಗ ಕಟ್ಟಬೇಕಾದ ಆಜೀವ ತೆರಿಗೆಯನ್ನು ಸೇರಿಸಿ ಲೆಕ್ಕ ಹಾಕಬೇಕು. ವಿಮೆಯನ್ನೂ 14 ದಿನದೊಳಗೆ ಹೆಸರಿಗೆ ಮಾಡಿಸಿಕೊಳ್ಳಬೇಕು.

ಡೆಲಿವರಿ ನೋಟ್‌ನಲ್ಲಿ ‘ಇರುವ ಸ್ಥಿತಿಯಲ್ಲೇ ಕೊಂಡಿದ್ದೇನೆ’ ಎಂಬ ಸಾಲು ಇದ್ದರೆ ಅದರ ಪಕ್ಕದಲ್ಲೇ ಡೀಲರ್ ಹೇಳಿದ ಕಿಲೋಮೀಟರ್, ಅಪಘಾತವಾಗಿಲ್ಲ, ನೀರು ನುಗ್ಗಿಲ್ಲ ಎಂಬ ಮಾತುಗಳನ್ನು ಬರೆಸಿ ಸಹಿ ಪಡೆಯಬೇಕು. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬಾರದು. ಸುಳ್ಳು ಹೇಳಿ ಸರಕು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಈ ರಕ್ಷಣೆ ವ್ಯಾಪಾರಿಯಿಂದ ಕೊಂಡಾಗ ಮಾತ್ರ. ನೆರೆಮನೆಯವರಿಂದ ಕೊಂಡ ಕಾರಿನ ತಕರಾರು ಸಿವಿಲ್ ಕೋರ್ಟಿಗೇ ಹೋಗಬೇಕು. ವ್ಯಾಪಾರಿಯ ವಿರುದ್ಧವಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಕಾರಿಗೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ನಡೆಯುತ್ತದೆ: ಬೆಂಗಳೂರಿನಲ್ಲಿ ಮೋಸಹೋದ ಹುಬ್ಬಳ್ಳಿಯವರು ಧಾರವಾಡದ ಆಯೋಗಕ್ಕೇ ಹೋಗಬಹುದು. ಅದಕ್ಕೂ ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.