ದೆವ್ವ ಬಂದ ಮಾತ್ರಕ್ಕೆ ತರ್ಕ ಕೆಡುವುದಿಲ್ಲ

ಮಳೆಗಾಲದಲ್ಲಿ ಹರಿಹರಪುರ, ಕೊಪ್ಪ, ಶೃಂಗೇರಿ ಕಡೆಯ ಮನೆಗಳಲ್ಲಿ ಓದು ಹೆಚ್ಚು. ತುಂಗೆ ಕೆಂಪಾಗಿ ಹರಿಯುತ್ತಿರುವಾಗ, ತೋಟದ ಕೆಲಸ ನಿಂತು ಕರೆಂಟೂ ಹೋದಾಗ ಕೈಗೆ ಬರುವುದು ಕಾದಂಬರಿ. ಈಚೆಗೆ ಆ ಪುಸ್ತಕಗಳ ನಡುವೆ ಹೊಸದೊಂದು ಬಗೆ ಸೇರಿಕೊಂಡಿದೆ. ಬೆಂಗಳೂರಿನಲ್ಲಿರುವ ಮಕ್ಕಳು ಬಿಟ್ಟುಹೋದದ್ದೋ, ಮೊಬೈಲಿಗೇ ಇಳಿಸಿಕೊಂಡದ್ದೋ ಇರಬಹುದು. ಇಂಗ್ಲಿಷಿನವರು ಅದನ್ನು ಕೋಜಿ ಪ್ಯಾರಾನಾರ್ಮಲ್ ಮಿಸ್ಟರಿ ಎನ್ನುತ್ತಾರೆ. ಒಂದು ಪುಟ್ಟ ಊರು, ಅಲ್ಲೊಂದು ಸಾವು, ಪೊಲೀಸಿನವರಲ್ಲದ ಯಾರೋ ಸಾಮಾನ್ಯರು ನಡೆಸುವ ಹುಡುಕಾಟ, ಜೊತೆಗೊಂದು ದೆವ್ವ. ರಕ್ತದ ವರ್ಣನೆ ಇರುವುದಿಲ್ಲ. ಕೊನೆಗೆ ಸತ್ಯ ಹೊರಬೀಳುತ್ತದೆ. ಅದೇ ಊರು, ಅದೇ ಜನ ಮುಂದಿನ ಪುಸ್ತಕದಲ್ಲೂ ಬರುತ್ತಾರೆ.

ಆಲಿಸ್ ಕಿಂಬರ್ಲಿ ಎಂಬ ಹೆಸರಿನಲ್ಲಿ ಗಂಡ ಹೆಂಡತಿ ಇಬ್ಬರು ಸೇರಿ ಬರೆದ ‘ದಿ ಘೋಸ್ಟ್ ಆಂಡ್ ಮಿಸೆಸ್ ಮೆಕ್‌ಕ್ಲೂರ್’ 2004ರಲ್ಲಿ ಬಂತು. ಗಂಡನನ್ನು ಕಳೆದುಕೊಂಡು ಪುಸ್ತಕದಂಗಡಿ ನಡೆಸುವ ತಾಯಿಯೊಬ್ಬಳು, ಆ ಅಂಗಡಿಯಲ್ಲೇ 1940ರ ದಶಕದಲ್ಲಿ ಕೊಲೆಯಾದ ಖಾಸಗಿ ಪತ್ತೇದಾರನೊಬ್ಬನ ದೆವ್ವ. ಅಲ್ಲಿಂದ ಮುಂದೆ ಅದೊಂದು ಸರಣಿಯಾಗಿ ಬೆಳೆಯಿತು. ಇಂಥ ಪುಸ್ತಕಗಳ ಬಗ್ಗೆ ನಮ್ಮ ಕಡೆಯ ಓದುಗರಿಂದ ಮತ್ತೆ ಮತ್ತೆ ಕೇಳಿಬರುವ ಮಾತುಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಓದುಗರ ಮಾತನ್ನು ಹಗುರವಾಗಿ ತಳ್ಳುವಂತಿಲ್ಲ. ಯಾವ ಪುಸ್ತಕ ಉಳಿಯಬೇಕು ಎನ್ನುವುದನ್ನು ಕಡೆಗೂ ತೀರ್ಮಾನಿಸುವವರು ಅವರೇ.

ತಪ್ಪು ಕಲ್ಪನೆ: ಇದು ಪರದೇಶದ ಸರಕು, ನಮ್ಮ ನೆಲಕ್ಕೆ ಒಗ್ಗದು.

ವಾಸ್ತವ: ಇದರ ಸಾಮಗ್ರಿ ಕನ್ನಡದಲ್ಲಿ ಎಂದಿನಿಂದಲೋ ಇದೆ, ಅದರಲ್ಲೂ ಮಲೆನಾಡಿನಲ್ಲಿದೆ. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ‘ಮಲೆನಾಡಿನ ಚಿತ್ರಗಳು’ ಪುಸ್ತಕದಲ್ಲಿ ‘ತೋಟದಾಚೆಯ ಭೂತ’ ಎಂಬ ಬರಹವೇ ಇದೆ. ಭೂತಕ್ಕೆ ತೋಟದಾಚೆ ಜಾಗ ಕೊಟ್ಟು, ತೋಟದೀಚೆ ಬದುಕು ಸಾಗಿಸುವ ಮನೆಗಳು ಅವರಿಗೆ ಚೆನ್ನಾಗಿ ಗೊತ್ತಿದ್ದವು.

ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ಬಂದದ್ದು 1968ರಲ್ಲಿ. ಎಂಬತ್ತು ದಾಟಿದ ವಿಧವೆ ಅಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಒಂದೊಂದೇ ವಸ್ತು ತಂದು ಕೈಗಿಡುತ್ತಾನೆ, ಅಜ್ಜಿ ಹೇಳುತ್ತಾಳೆ, ಅವನು ಪ್ರಶ್ನೆ ಕೇಳುತ್ತಾನೆ. ಕಾರಂತರು ಪತ್ತೇದಾರಿ ಕಾದಂಬರಿ ಬರೆಯಲು ಕುಳಿತವರಲ್ಲ. ಅವರ ಗುರಿ ದೇವರು, ಕಾಮ, ಇತಿಹಾಸಗಳ ವಿಚಾರ. ಆದರೂ ಊರು ಬಿಟ್ಟು ಕದಲದ ಮುದುಕಿ, ಅವಳ ವಿಶೇಷ ದೃಷ್ಟಿ, ಪಕ್ಕದಲ್ಲಿ ಸಂದೇಹಪಡುವ ಓದಿದ ಹುಡುಗ ಎಂಬ ಹೂಟ ಅಲ್ಲಿ ಸಿದ್ಧವಾಗಿಯೇ ಇದೆ. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ 1930ರಲ್ಲಿ ತನ್ನ ಮೊದಲ ಕಾದಂಬರಿಯಲ್ಲಿ ಹಳ್ಳಿಯ ಮನೆಯಲ್ಲಿ ಕುಳಿತೇ ಕೊಲೆಗಾರನನ್ನು ಗುರುತಿಸಿದಳೆಂದು ಮೆಚ್ಚುವವರು ಕಾರಂತರ ಮೂಕಜ್ಜಿಯನ್ನು ಮರೆಯಬಾರದು.

ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ದಲ್ಲಿ ಸಾವಿನ ಬೆನ್ನು ಹತ್ತುವವನು ಪೊಲೀಸಿನವನಲ್ಲ, ಸಣ್ಣ ಊರಿನ ಆಸ್ಪತ್ರೆಗೆ ಬಂದ ಡಾಕ್ಟರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಆ ಕಥೆ ಇದೆ. ಅದು ಬೆಚ್ಚಗಿನ ಕಥೆಯಲ್ಲ, ಓದಿದವರ ಮನಸ್ಸನ್ನು ಬಹುಕಾಲ ಕಲಕುತ್ತದೆ. ಆದರೆ ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿದ್ದರೂ ಸತ್ಯ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ ಎಂಬ ತಿಳಿವಳಿಕೆ ಈ ಬಗೆಯ ಬರವಣಿಗೆಯ ಜೀವಾಳ. ಅದನ್ನು ನಾವು ಹೊರಗಿನಿಂದ ತರಿಸಿಕೊಳ್ಳಬೇಕಾಗಿಲ್ಲ.

ತಪ್ಪು ಕಲ್ಪನೆ: ದೆವ್ವವೇ ಬಂದು ಹೇಳುವುದಾದರೆ ಪತ್ತೇದಾರಿಕೆ ಏಕೆ? ಅದು ಓದುಗನಿಗೆ ಮಾಡುವ ಮೋಸ.

ವಾಸ್ತವ: ಈ ಆಕ್ಷೇಪಕ್ಕೆ ದೊಡ್ಡವರ ಬೆಂಬಲವಿದೆ. ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಪಾದ್ರಿ, ತಾನೂ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದವರು, 1929ರಲ್ಲಿ ಇಂಥ ಕಥೆಗಳಿಗೆ ಹತ್ತು ಕಟ್ಟಳೆ ಹಾಕಿದರು. ಅತಿಮಾನುಷ ಶಕ್ತಿಗಳಿಗೆ ಕಥೆಯಲ್ಲಿ ಪ್ರವೇಶವಿಲ್ಲ ಎನ್ನುವುದು ಅವುಗಳಲ್ಲಿ ಎರಡನೆಯದು. ಕಾರಣ ಸರಿಯಾದದ್ದೇ. ಬರಹಗಾರ ಸಿಕ್ಕಿಕೊಂಡಾಗಲೆಲ್ಲ ದೆವ್ವವನ್ನು ಕರೆದು ಬಿಡಿಸಿಕೊಂಡರೆ, ಪುಟ ಪುಟವೂ ಲೆಕ್ಕ ಹಾಕುತ್ತ ಬಂದ ಓದುಗನ ಶ್ರಮ ವ್ಯರ್ಥ.

ಆದರೆ ಒಳ್ಳೆಯ ಸರಣಿಗಳಲ್ಲಿ ದೆವ್ವಕ್ಕೆ ಬೇಲಿ ಇರುತ್ತದೆ. ಮೇಲೆ ಹೇಳಿದ ಪುಸ್ತಕದಂಗಡಿಯ ದೆವ್ವದ ದನಿ ಆ ಹೆಂಗಸೊಬ್ಬಳಿಗೇ ಕೇಳಿಸುತ್ತದೆ. ಪೊಲೀಸರ ಮುಂದೆ ಅದು ಸಾಕ್ಷಿ ಹೇಳಲಾರದು. ಅಂದಮೇಲೆ ಎಲ್ಲರೂ ಒಪ್ಪುವಂಥ ಪುರಾವೆಯನ್ನು ಅವಳೇ ಹುಡುಕಿ ತರಬೇಕು. ಪುಸ್ತಕ ಸರಿಯೋ ತಪ್ಪೋ ಎನ್ನಲು ನನ್ನ ಅಳತೆ ಇಷ್ಟೇ: ದೆವ್ವಕ್ಕೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಬರಹಗಾರ ಮೊದಲೇ ಹೇಳಿದ್ದಾನೆಯೇ? ಕೊನೆಯವರೆಗೂ ಅದಕ್ಕೆ ಬದ್ಧನಾಗಿದ್ದಾನೆಯೇ? ಎರಡಕ್ಕೂ ಹೌದೆಂಬ ಉತ್ತರ ಬಂದರೆ ಮೋಸವಿಲ್ಲ. ನೂರೈವತ್ತನೇ ಪುಟದಲ್ಲಿ ದೆವ್ವಕ್ಕೆ ಇದ್ದಕ್ಕಿದ್ದಂತೆ ಹೊಸ ಶಕ್ತಿ ಬಂದುಬಿಟ್ಟರೆ ಆ ಪುಸ್ತಕವನ್ನು ಕೆಳಗಿಡಬಹುದು.

ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಪ್ರಿಯವಾದದ್ದು. ವಿಲಿಯಂ ಹೋಪ್ ಹಾಡ್ಜ್‌ಸನ್ 1910ರಿಂದ ಬರೆದ ಕಾರ್ನಾಕಿ ಕಥೆಗಳಲ್ಲಿ ಕೆಲವು ಸಲ ದೆವ್ವ ನಿಜ, ಕೆಲವು ಸಲ ಮನುಷ್ಯನ ಕುಟಿಲ. ಯಾವ ಕಥೆಯಲ್ಲಿ ಯಾವುದು ಎಂದು ಕೊನೆಯವರೆಗೂ ಹೇಳಲು ಬಾರದು. ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲಿ ಬ್ಯೋಮಕೇಶ ಬಕ್ಷಿಯನ್ನು ಸೃಷ್ಟಿಸಿದವರು. ಬರದಾ ಎಂಬ, ದೆವ್ವಗಳಲ್ಲಿ ಪೂರ್ಣ ನಂಬಿಕೆಯಿರುವ ಮನುಷ್ಯನ ಕಥೆಗಳನ್ನು ಬರೆದವರೂ ಅವರೇ. ಒಂದು ಕಥೆಯಲ್ಲಿ ಇಬ್ಬರನ್ನೂ ಮುಂಗೇರಿನಲ್ಲಿ ಎದುರುಬದುರು ನಿಲ್ಲಿಸಿದರು. ದೆವ್ವವೆಂದು ಕಂಡದ್ದರ ಹಿಂದಿನ ಮನುಷ್ಯನ ಕೈಯನ್ನು ಬ್ಯೋಮಕೇಶ ಹಿಡಿದು ತೋರಿಸುತ್ತಾನೆ. ನಂಬುವವನನ್ನೂ ನಂಬದವನನ್ನೂ ಒಂದೇ ಜಗಲಿಯಲ್ಲಿ ಕೂರಿಸಿ ಮಾತಾಡಿಸುವ ಈ ಕೌಶಲ ನಮ್ಮ ಕಡೆಯವರಿಗೆ ಬೇಗ ಒಗ್ಗಬೇಕು. ನಮ್ಮ ಎಷ್ಟೋ ಮನೆಗಳಲ್ಲಿ ಅಂಥ ಇಬ್ಬರು ಇದ್ದೇ ಇರುತ್ತಾರೆ.

ತಪ್ಪು ಕಲ್ಪನೆ: ಇಂಥ ಪುಸ್ತಕ ಮೂಢನಂಬಿಕೆ ಬೆಳೆಸುತ್ತದೆ, ಮಕ್ಕಳ ಕೈಗೆ ಕೊಡಬಾರದು.

ವಾಸ್ತವ: ಭಯವನ್ನೇ ಮಾರುವ ಪುಸ್ತಕಗಳ ಬಗ್ಗೆ ಈ ಆತಂಕ ನನಗೂ ಇದೆ. ಮಾಟ, ಬಾನಾಮತಿಯ ಹೆಸರಿನಲ್ಲಿ ಜನರನ್ನು ಹಿಂಸಿಸುವುದು ನಡೆದೇ ಇದೆ. ಅದನ್ನು ತಡೆಯಲೆಂದೇ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಬೇಕಾಯಿತು. ಆದರೆ ಪತ್ತೇದಾರಿ ಕಥೆಯ ಕೆಲಸ ಭಯದ ಬುಡಕ್ಕೆ ಹೋಗಿ ನೋಡುವುದು. ತೇಜಸ್ವಿಯವರ ‘ಚಿದಂಬರ ರಹಸ್ಯ’ ನೋಡಿ. 1985ರ ಕಾದಂಬರಿ, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕೆಸರೂರಿನಲ್ಲಿ ಕೃಷ್ಣೇಗೌಡರ ಮನೆ ಮೇಲೆ ರಾತ್ರಿ ಹೊತ್ತು ಕಲ್ಲು ಬೀಳುತ್ತವೆ. ಭೂತ ಎನ್ನುವವರಿದ್ದಾರೆ, ಹಾಗೆನ್ನುವವರನ್ನು ಎದುರಿಸುವ ವಿಚಾರವಾದಿ ಹುಡುಗರಿದ್ದಾರೆ. ಅತ್ತ ಏಲಕ್ಕಿ ಸಂಶೋಧನಾ ಕೇಂದ್ರದ ವಿಜ್ಞಾನಿ ಜೋಗಿಹಾಳರ ಸಾವಿನ ರಹಸ್ಯ ಹುಡುಕುತ್ತ ಶ್ಯಾಮನಂದನ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ. ಕಲ್ಲು, ಸಾವು, ಏಲಕ್ಕಿ ಬೆಳೆಯ ಕುಸಿತ, ಊರಿನ ಜಾತಿ ರಾಜಕೀಯ ಎಲ್ಲವೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಅದನ್ನು ಓದಿದ ಹುಡುಗ ಮಾಡಿನ ಮೇಲೆ ಕಲ್ಲು ಬಿದ್ದರೆ ಮೊದಲು ಕೇಳುವುದು ‘ಯಾರು ಎಸೆದದ್ದು?’ ಎಂದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಅವರೂ ಸಮಾಜಕ್ಕೆ ಕಲಿಸಲು ಹೊರಟದ್ದು ಇಂಥ ಪ್ರಶ್ನೆಯನ್ನೇ.

ನಮ್ಮ ಕೊಳ್ಳಿದೆವ್ವದ ಕಥೆಗಳಿಗೂ ಇದೇ ಮಾತು ಸಲ್ಲುತ್ತದೆ. ಪಶ್ಚಿಮಘಟ್ಟದಲ್ಲಿ ಮಳೆ ಹಿಡಿದಾಗ ಕೊಳೆತ ಮರದ ಮೇಲೆ ಬೆಳೆಯುವ ಕೆಲವು ಅಣಬೆಗಳು ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತವೆ. ಆ ಬೆಳಕನ್ನು ಕಂಡು ಓಡಿದವರು ಸುಳ್ಳು ಹೇಳಿದವರಲ್ಲ, ಕಂಡದ್ದನ್ನೇ ಹೇಳಿದರು. ಅದು ಏನೆಂದು ಹತ್ತಿರ ಹೋಗಿ ನೋಡುವ ಪಾತ್ರವೊಂದು ಕಥೆಯಲ್ಲಿದ್ದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ವಿಜ್ಞಾನ ಪಾಠ ಬೇಕಿಲ್ಲ.

ತಪ್ಪು ಕಲ್ಪನೆ: ಹೆದರಿಸದ ದೆವ್ವ ದೆವ್ವವೇ ಅಲ್ಲ.

ವಾಸ್ತವ: ಈ ಮಾತಾಡುವವರ ಮನಸ್ಸಿನಲ್ಲಿರುವುದು ‘ತುಳಸಿದಳ’. ಯಂಡಮೂರಿ ವೀರೇಂದ್ರನಾಥರ ಆ ತೆಲುಗು ಕಾದಂಬರಿ ಕನ್ನಡಕ್ಕೆ ಬಂದಾಗ ರಾತ್ರಿ ಹೊತ್ತು ಅಂಗಳಕ್ಕಿಳಿಯಲು ಹಿಂಜರಿದವರು ಒಂದು ತಲೆಮಾರಿನಷ್ಟಿದ್ದಾರೆ. ಹೆದರಿಕೆಯೇ ಅದರ ಉದ್ದೇಶ, ಅದರಲ್ಲಿ ಅದು ಗೆದ್ದಿತು. ಕೋಜಿ ಕಥೆಯ ಉದ್ದೇಶವೇ ಬೇರೆ. ಒಂದನ್ನು ಇನ್ನೊಂದರ ತಕ್ಕಡಿಯಲ್ಲಿ ತೂಗಬಾರದು.

ಮಲೆನಾಡಿನವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತೋಟದ ಅಂಚಿನಲ್ಲಿ, ಬನದಲ್ಲಿ ಚೌಡಿಯ ಕಲ್ಲಿರುತ್ತದೆ, ಭೂತರಾಯನ ಕಲ್ಲಿರುತ್ತದೆ. ಮೇಯಲು ಹೋದ ದನ ಸಂಜೆ ಕೊಟ್ಟಿಗೆಗೆ ಬರದಿದ್ದರೆ ಹುಡುಕಲು ಆಳು ಕಳಿಸುವುದರ ಜೊತೆಗೆ ಚೌಡಿಗೆ ಹಣ್ಣುಕಾಯಿ ಹೇಳಿಕೊಳ್ಳುವ ಮನೆಗಳು ಇವತ್ತಿಗೂ ಇವೆ. ಕಳೆದುಹೋದದ್ದನ್ನು ಹುಡುಕಿಕೊಡು ಎಂದು ಕಾಣದ ಶಕ್ತಿಯನ್ನು ಕೇಳಿಕೊಳ್ಳುವುದು, ಬೆಳಗಾದ ಮೇಲೆ ಗೊರಸಿನ ಗುರುತು ನೋಡುತ್ತ ತಾವೇ ಕಾಡು ಹೊಗುವುದು, ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ. ಈ ಬಗೆಯ ಕಾದಂಬರಿ ಮಾಡುವುದೂ ಅದನ್ನೇ. ಬರೆಯುವವರಿಗೆ ಒಂದು ಎಚ್ಚರಿಕೆ ಮಾತ್ರ ಬೇಕು. ಜನ ಪೂಜಿಸುವ ದೈವವನ್ನು ಅಗ್ಗದ ದೆವ್ವವಾಗಿಸಿ ಕುಣಿಸಬಾರದು. ಕಥೆಗೆ ದೆವ್ವ ಬೇಕಾದರೆ ಹೊಸದನ್ನು ಕಲ್ಪಿಸಿಕೊಳ್ಳಲಿ.

ತಪ್ಪು ಕಲ್ಪನೆ: ಸರಣಿ ಎಂದರೆ ಹೊಟ್ಟೆಪಾಡಿನ ಬರಹ, ಸಾಹಿತ್ಯವಲ್ಲ.

ವಾಸ್ತವ: ಎನ್. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿವರೆಗೆ. ‘ಪತ್ತೇದಾರ ಪುರುಷೋತ್ತಮ’ 1952ರಲ್ಲಿ ಬಂದಮೇಲೆ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬ ಪತ್ತೇದಾರರನ್ನು ಮನೆಮನೆಗೆ ಪರಿಚಯಿಸಿದರು. ಅಕ್ಷರ ಕೂಡಿಸಿ ಓದುತ್ತಿದ್ದವರನ್ನು ಪುಸ್ತಕ ಮುಗಿಸುವ ಓದುಗರನ್ನಾಗಿ ಮಾಡಿದ್ದು ಆ ಕಾದಂಬರಿಗಳು. ಬಾಡಿಗೆ ಲೈಬ್ರರಿಯಲ್ಲಿ ಅವನ್ನು ಓದಿ ಮುಗಿಸಿದವರೇ ಮುಂದೆ ಕಾರಂತ, ಭೈರಪ್ಪ, ತೇಜಸ್ವಿಯವರ ಕಡೆ ತಿರುಗಿದರು. ನರಸಿಂಹಯ್ಯನವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಇನ್ನೂ ಗೌರವದಿಂದ, ದೊಡ್ಡದಾಗಿ ಬರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ತಪ್ಪು ಕಲ್ಪನೆ: ಕೊಲೆಗಾರ ಯಾರೆಂದು ಗೊತ್ತಾದರೆ ಪುಸ್ತಕ ಮುಗಿಯಿತು.

ವಾಸ್ತವ: ಹಾಗಿದ್ದರೆ ‘ಚಿದಂಬರ ರಹಸ್ಯ’ವನ್ನು ಯಾರೂ ಎರಡನೇ ಸಲ ಓದುತ್ತಿರಲಿಲ್ಲ.

ಕೊನೆಗೆ ಒಂದು ಆಕ್ಷೇಪ ಉಳಿಯುತ್ತದೆ, ಅದನ್ನು ತಪ್ಪು ಕಲ್ಪನೆ ಎನ್ನಲಾರೆ. ‘ಅಷ್ಟು ಸಣ್ಣ ಊರಿನಲ್ಲಿ ಪುಸ್ತಕಕ್ಕೊಂದು ಕೊಲೆ ಹೇಗೆ ಸಾಧ್ಯ? ಹತ್ತನೇ ಪುಸ್ತಕಕ್ಕೆ ಊರಲ್ಲಿ ಉಳಿಯುವವರು ಯಾರು?’ ಎಂದು ಕೇಳುವ ಓದುಗರ ಮಾತು ನ್ಯಾಯವಾದದ್ದು. ಪರದೇಶದ ಸರಣಿಗಳು ಇದಕ್ಕೆ ಸರಿಯಾದ ಉತ್ತರ ಕೊಟ್ಟಿಲ್ಲ. ಕನ್ನಡದಲ್ಲಿ ಬರೆಯುವವರು ಕೊಡಬಹುದು, ಏಕೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ರಹಸ್ಯಗಳಿಗೆಲ್ಲ ಕೊಲೆಯೇ ಬೇಕೆಂದಿಲ್ಲ. ಭದ್ರಾ ಜಲಾಶಯದ ಹಿನ್ನೀರು ಹರಡಿದ ನರಸಿಂಹರಾಜಪುರದ ಕಡೆ ನೀರಿನಡಿ ಹೋದ ಜಮೀನುಗಳಿವೆ, ಅವುಗಳ ಹಳೆಯ ಕಾಗದಪತ್ರಗಳಿವೆ. ತರೀಕೆರೆಯಿಂದ ಅದೇ ಊರಿಗೆ ಒಂದು ಕಾಲದಲ್ಲಿ ಸಣ್ಣ ಹಳಿಯ ರೈಲು ಓಡುತ್ತಿತ್ತು. ಅಟ್ಟದ ಮೇಲೆ ಯಾರೂ ಬಿಚ್ಚದ ತಾಳೆಗರಿಯ ಕಟ್ಟುಗಳಿರುವ ಮನೆಗಳಿವೆ. ಸುಲಿದು ಒಣಗಿಸಿದ ಅಡಿಕೆ ರಾತ್ರೋರಾತ್ರಿ ಕಾಣೆಯಾಗುತ್ತದೆ. ಊರು ಬಿಟ್ಟು ಹೋದವರು ಮತ್ತೆ ಪತ್ರವನ್ನೇ ಬರೆಯದಿರುತ್ತಾರೆ. ಒಂದೊಂದೂ ಒಂದು ಕಾದಂಬರಿಗೆ ಸಾಕಾಗುವಷ್ಟಿದೆ, ರಕ್ತದ ಹನಿಯೂ ಬೇಕಿಲ್ಲ.

ಆದ್ದರಿಂದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಎಳೆಯ ಬರಹಗಾರರಲ್ಲಿ ನನ್ನ ಕೋರಿಕೆ ಇದು: ಒಂದು ಊರು ಕಟ್ಟಿ, ಅದರಲ್ಲಿ ಹುಡುಕುವವರೊಬ್ಬರನ್ನು ಇಡಿ, ದೆವ್ವಕ್ಕೆ ಮೊದಲೇ ಬೇಲಿ ಹಾಕಿ, ಮೂರು ಪುಸ್ತಕವಾದರೂ ಬರೆಯಿರಿ. ಓದುಗರಲ್ಲಿ ಇನ್ನೊಂದು ಕೋರಿಕೆ. ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋದಾಗ ಎನ್. ನರಸಿಂಹಯ್ಯನವರ ಒಂದು ಕಾದಂಬರಿ, ತೇಜಸ್ವಿಯವರ ‘ಚಿದಂಬರ ರಹಸ್ಯ’, ಕಾರಂತರ ‘ಮೂಕಜ್ಜಿಯ ಕನಸುಗಳು’ ಕೇಳಿ. ಇಲ್ಲವೆಂದರೆ ತರಿಸಿಕೊಡಿ ಎಂದು ಬರೆದು ಕೊಟ್ಟು ಬನ್ನಿ.